ಕಸೂತಿ ಯಂತ್ರ ಕೊಂಡವರು ಗ್ರಾಹಕರಲ್ಲವೇ?

ಪ್ರಶ್ನೆ: ನಾನು ರಾಣೇಬೆನ್ನೂರಿನವಳು. ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿದು, ರವಿಕೆಗಳಿಗೆ ಕಸೂತಿ ಹಾಕಿಕೊಟ್ಟು ಸಂಸಾರ ನಡೆಸುತ್ತೇನೆ. ಸಹಾಯಕ್ಕೆ ಒಬ್ಬ ಹುಡುಗಿ ಬರುತ್ತಾಳೆ. 20 ತಿಂಗಳ ಹಿಂದೆ ಬ್ಯಾಂಕಿನಲ್ಲಿ ಸಾಲ ಮಾಡಿ, ಬೆಂಗಳೂರಿನ ಡೀಲರ್ ಒಬ್ಬರಿಂದ 2,60,000 ರೂಪಾಯಿಗೆ ಕಂಪ್ಯೂಟರ್ ಕಸೂತಿ ಯಂತ್ರ ತರಿಸಿದೆ. ಎರಡು ವರ್ಷದ ವಾರಂಟಿ ಇದೆ. ಮೂರನೇ ತಿಂಗಳಿಗೇ ಕೈಕೊಡಲು ಶುರುವಾಯಿತು: ಸೂಜಿ ಮುರಿಯುತ್ತದೆ, ವಿನ್ಯಾಸದ ನಡುವೆ ಯಂತ್ರ ತಾನಾಗಿಯೇ ನಿಂತುಬಿಡುತ್ತದೆ. ಐದು ಸಲ ರಿಪೇರಿಗೆ ಬಂದರು. ಈಗ ‘ನಿಮ್ಮ ಊರಿನ ವೋಲ್ಟೇಜ್ ಏರಿಳಿತದಿಂದ ಹಾಳಾಗಿದೆ, ವಾರಂಟಿ ಅನ್ವಯಿಸುವುದಿಲ್ಲ’ ಎನ್ನುತ್ತಿದ್ದಾರೆ. ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ ಎಂದರೆ, ‘ವ್ಯಾಪಾರಕ್ಕೆ ಕೊಂಡವರು ಅಲ್ಲಿಗೆ ಹೋಗುವಂತಿಲ್ಲ, ಹೋಗುವುದಿದ್ದರೆ ದೆಹಲಿಗೆ ಹೋಗಿ, ಬಿಲ್ಲಿನ ಹಿಂದೆಯೇ ಬರೆದಿದೆ’ ಎಂದು ನಗುತ್ತಾರೆ. ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿದ್ದೆ. ದೂರಿನ ಸಂಖ್ಯೆ ಬಂತೇ ಹೊರತು ಬೇರೇನೂ ಆಗಲಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಆ ನಗುವಿನ ವಿಚಾರ. ಡೀಲರ್ ಹೇಳಿದ ಎರಡೂ ಮಾತುಗಳಿಂದ ನೀವು ಹಿಂದೆ ಸರಿಯಬೇಕಾಗಿಲ್ಲ. ಆದರೆ ಅವುಗಳಲ್ಲಿ ಒಂದು ಅರ್ಧ ಸತ್ಯ. ಸರಿಯಾಗಿ ಉತ್ತರಿಸದಿದ್ದರೆ ಆ ಅರ್ಧ ಸತ್ಯವೇ ನಿಮ್ಮ ಪ್ರಕರಣವನ್ನು ಕೆಡಿಸಬಲ್ಲದು. ಹಾಗಾಗಿ ಅಲ್ಲಿಂದಲೇ ಹಿಡಿಯೋಣ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. 1986ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದದ್ದು ಇದು. ಮರುಮಾರಾಟಕ್ಕಾಗಿ ಅಥವಾ ‘ವಾಣಿಜ್ಯ ಉದ್ದೇಶ’ಕ್ಕಾಗಿ ಸರಕು ಕೊಂಡವರನ್ನು ಈ ಕಾಯ್ದೆ ಗ್ರಾಹಕರೆಂದು ಎಣಿಸುವುದಿಲ್ಲ. ಡೀಲರ್ ಹೇಳಿದ್ದರಲ್ಲಿ ನಿಜ ಇಷ್ಟೇ. ಅವರು ನುಂಗಿಕೊಂಡದ್ದು ಅದರ ಕೆಳಗೇ ಇರುವ ವಿವರಣೆಯನ್ನು: ಸ್ವಂತ ದುಡಿಮೆಯಿಂದ ಜೀವನೋಪಾಯ ಕಂಡುಕೊಳ್ಳುವುದಕ್ಕಾಗಿಯೇ ಒಬ್ಬರು ಸರಕನ್ನು ಕೊಂಡು ತಾವೇ ಬಳಸಿದರೆ ಅದು ವಾಣಿಜ್ಯ ಉದ್ದೇಶವಲ್ಲ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಹೊಟ್ಟೆಪಾಡಿಗಾಗಿ ಆಟೊ ಕೊಂಡು ತಾನೇ ಓಡಿಸುವವನು, ಲೇತ್ ಯಂತ್ರ ಕೊಂಡು ತಾನೇ ನಡೆಸುವವನು ಗ್ರಾಹಕನೇ. ಕೆಲಸಕ್ಕೆ ಒಬ್ಬರೋ ಇಬ್ಬರೋ ಸಹಾಯಕರನ್ನು ಇಟ್ಟುಕೊಂಡ ಮಾತ್ರಕ್ಕೆ ಅವನು ಗ್ರಾಹಕನಲ್ಲದೆ ಹೋಗುವುದಿಲ್ಲ. ನಿಮ್ಮಲ್ಲಿಗೆ ಬರುವ ಹುಡುಗಿಯನ್ನು ನೋಡಿಯೇ ಬರೆದಂತಿದೆ ಆ ಸಾಲು.

ಕೊಂಡದ್ದು ವಾಣಿಜ್ಯ ಉದ್ದೇಶಕ್ಕೆ ಎಂದು ಆಕ್ಷೇಪಿಸುವವರೇ ಅದನ್ನು ಸಾಬೀತುಪಡಿಸಬೇಕು ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿದೆ. ಹಾಗೆಂದು ಕೈಕಟ್ಟಿ ಕೂರಬೇಡಿ. ನಾನು ನೋಡಿದ ಮಟ್ಟಿಗೆ ಇಂಥ ದೂರುಗಳು ಬೀಳುವುದು ಕಾನೂನಿನಿಂದಲ್ಲ, ದೂರಿನಲ್ಲಿ ಒಂದು ಸಾಲು ಇಲ್ಲದ್ದರಿಂದ. ‘ನಾನು ಈ ಯಂತ್ರವನ್ನು ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವುದಕ್ಕಾಗಿಯೇ ಕೊಂಡಿದ್ದು, ಅದನ್ನು ನಾನೇ ನಡೆಸುತ್ತೇನೆ, ನನಗೆ ಬೇರೆ ಆದಾಯವಿಲ್ಲ’ ಎಂದು ದೂರಿನ ಮೊದಲ ಪುಟದಲ್ಲೇ, ಅಫಿಡವಿಟ್ಟಿನಲ್ಲಿಯೂ ಬರೆಯಿರಿ. ಬಿಲ್ ಯಾರ ಹೆಸರಿನಲ್ಲಿದೆ ಎಂದೂ ನೋಡಿಕೊಳ್ಳಿ. ಅಂಗಡಿಯ ಹೆಸರು, ಜಿಎಸ್‌ಟಿ ಸಂಖ್ಯೆ ಹಾಕಿಸಿಕೊಂಡಿದ್ದರೆ ಎದುರುದಾರರು ಅದನ್ನೇ ಎತ್ತಿ ತೋರಿಸುತ್ತಾರೆ. ಬ್ಯಾಂಕ್ ಸಾಲದ ಅರ್ಜಿಯಲ್ಲಿ ‘ಉದ್ಯಮ’ ಎಂದಿದ್ದರೆ ಅದನ್ನೂ ತೋರಿಸುತ್ತಾರೆ. ಅಷ್ಟಕ್ಕೇ ಹೆದರಬೇಕಿಲ್ಲ. ಕಾಗದದ ಮೇಲಿನ ಹೆಸರಿಗಿಂತ ಯಂತ್ರದ ಮುಂದೆ ಕೂರುವವರು ಯಾರು ಎಂಬುದೇ ಮುಖ್ಯ. ಆದರೆ ಅವರು ಎತ್ತುವ ಮೊದಲೇ ನೀವೇ ಹೇಳಿಬಿಟ್ಟರೆ ಆ ಬಾಣ ಮೊಂಡಾಗುತ್ತದೆ.

ಇನ್ನು ದೆಹಲಿಯ ಮಾತು. ದೂರುದಾರರು ವಾಸವಿರುವ ಅಥವಾ ದುಡಿಯುವ ಸ್ಥಳದಲ್ಲೇ ದೂರು ಕೊಡಬಹುದು ಎಂಬುದು 2019ರ ಕಾಯ್ದೆ ಸೇರಿಸಿದ ದೊಡ್ಡ ಅನುಕೂಲ. ಹಳೆಯ ಕಾಯ್ದೆಯಲ್ಲಿ ಎದುರುದಾರರ ಊರನ್ನೋ ವ್ಯವಹಾರ ನಡೆದ ಊರನ್ನೋ ಹುಡುಕಿಕೊಂಡು ಹೋಗಬೇಕಿತ್ತು. ಈಗ ನಿಮ್ಮ ಪಾಲಿಗೆ ಹಾವೇರಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವೇ ಸಾಕು. ಕಾಯ್ದೆ ಕೊಟ್ಟ ಹಕ್ಕನ್ನು ಬಿಲ್ಲಿನ ಬೆನ್ನಿನ ಮೇಲಿನ ಸಣ್ಣ ಅಕ್ಷರ ಕಸಿದುಕೊಳ್ಳಲಾಗದು ಎಂದು ನೀವು ಧೈರ್ಯವಾಗಿ ವಾದಿಸಬಹುದು. ಅದೇ ಸಣ್ಣ ಅಕ್ಷರದಲ್ಲಿ ‘ವ್ಯಾಜ್ಯಗಳನ್ನು ಆರ್ಬಿಟ್ರೇಷನ್‌ಗೆ (ನ್ಯಾಯಾಲಯದ ಹೊರಗಿನ ಪಂಚಾಯಿತಿಗೆ) ಒಪ್ಪಿಸಬೇಕು’ ಎಂದಿದ್ದರೂ ಗ್ರಾಹಕರ ಆಯೋಗದ ಬಾಗಿಲು ಮುಚ್ಚುವುದಿಲ್ಲ. ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲೇ ಇದನ್ನು ಇತ್ಯರ್ಥಪಡಿಸಿದೆ.

ಯಾವ ಹಂತದ ಆಯೋಗ ಎಂಬುದು ನೀವು ಕೊಟ್ಟ ಬೆಲೆಯ ಮೇಲೆ ನಿಂತಿದೆ, ಕೇಳುವ ಪರಿಹಾರದ ಮೇಲಲ್ಲ. 50 ಲಕ್ಷ ರೂಪಾಯಿವರೆಗೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲಾದರೆ ದೆಹಲಿಯ ರಾಷ್ಟ್ರೀಯ ಆಯೋಗ. 2021ರ ಡಿಸೆಂಬರ್‌ನಿಂದ ಈ ಮಿತಿಗಳು ಇವೆ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕವೇ ಇಲ್ಲ. ನಿಮಗೆ ಒಂದು ರೂಪಾಯಿಯೂ ಬೀಳುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಆತಂಕ ತಂದದ್ದು ‘20 ತಿಂಗಳ ಹಿಂದೆ’ ಎಂಬ ಮಾತು. ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ಆ ದಿನ ಯಾವುದು? ಮೊದಲು ಕೆಟ್ಟ ದಿನವೋ, ವಾರಂಟಿ ನಿರಾಕರಿಸಿದ ದಿನವೋ ಎಂದು ವಕೀಲರು ಗಂಟೆಗಟ್ಟಲೆ ವಾದಿಸಬಲ್ಲರು. ಆ ವಾದಕ್ಕೆ ಆಸ್ಪದವನ್ನೇ ಕೊಡಬೇಡಿ. ಕೊಂಡ ತಾರೀಖಿನಿಂದಲೇ ಎಣಿಸಿ. ಹಾಗೆ ಎಣಿಸಿದರೆ ನಿಮಗೆ ಉಳಿದಿರುವುದು ನಾಲ್ಕು ತಿಂಗಳು. ಕಂಪನಿಗೆ ಮೇಲಿಂದ ಮೇಲೆ ಪತ್ರ ಬರೆಯುತ್ತಿದ್ದರೆ, ಸಹಾಯವಾಣಿಗೆ ಕರೆ ಮಾಡುತ್ತಿದ್ದರೆ ಈ ಗಡುವು ಮುಂದಕ್ಕೆ ಹೋಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಹೋಗುವುದಿಲ್ಲ. ತಡವಾದರೆ ಸೂಕ್ತ ಕಾರಣ ತೋರಿಸಿ ಮನ್ನಿಸುವಂತೆ ಕೇಳಬಹುದು, ನಿಜ. ಆದರೆ ಆಗ ಯಂತ್ರದ ವಿಷಯ ಹಿಂದೆ ಬಿದ್ದು ನಿಮ್ಮ ತಡವೇ ವಿಚಾರಣೆಯ ವಿಷಯವಾಗುತ್ತದೆ.

1915ರ ಬಗ್ಗೆ ನಿಮ್ಮ ಬೇಸರ ನ್ಯಾಯವಾದದ್ದೇ. ಆದರೆ ಅದು ಆಯೋಗವಲ್ಲ. ದೂರನ್ನು ಕಂಪನಿಗೆ ದಾಟಿಸಿ ಉತ್ತರ ತರಿಸಲು ನೋಡುವ ಸಹಾಯವಾಣಿ ಅಷ್ಟೇ. ಆನ್‌ಲೈನಿನಲ್ಲಿ ಕೊಂಡ ಸಾಮಾನಿನ ಹಣ ವಾಪಸಿನಂಥ ಸಣ್ಣಪುಟ್ಟ ತಕರಾರು ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ. ಹಟ ಹಿಡಿದ ಕಂಪನಿಯನ್ನು ಕಟ್ಟಿಹಾಕುವ ಅಧಿಕಾರ ಅದಕ್ಕಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಹೆಸರನ್ನೂ ನೀವು ಕೇಳಿರಬಹುದು. ಅದು ನೋಡುವುದು ದಾರಿ ತಪ್ಪಿಸುವ ಜಾಹೀರಾತಿನಂಥ, ಒಟ್ಟು ಗ್ರಾಹಕ ವರ್ಗವನ್ನೇ ತಟ್ಟುವ ವಿಷಯಗಳನ್ನು. ನಿಮ್ಮೊಬ್ಬರ ಯಂತ್ರಕ್ಕೆ ಪರಿಹಾರ ಕೊಡಿಸುವುದು ಅದರ ಕೆಲಸವಲ್ಲ. ಆ ದೂರಿನ ಸಂಖ್ಯೆಯನ್ನು ಮಾತ್ರ ಎಸೆಯಬೇಡಿ. ಆಯೋಗಕ್ಕೆ ಬರುವ ಮೊದಲು ನೀವು ಸುಮ್ಮನಿರಲಿಲ್ಲ ಎಂಬುದಕ್ಕೆ ಅದೊಂದು ಸಾಕ್ಷಿ.

ಈಗ ಕಡತ. ಗ್ರಾಹಕರ ಪ್ರಕರಣ ಬಹುಮಟ್ಟಿಗೆ ಅಫಿಡವಿಟ್ ಮತ್ತು ದಾಖಲೆಗಳ ಮೇಲೆಯೇ ತೀರ್ಮಾನವಾಗುತ್ತದೆ. ಸಿನಿಮಾದಲ್ಲಿ ನೋಡುವಂಥ ಕಟಕಟೆಯ ಸವಾಲು-ಪಾಟೀಸವಾಲು ಇಲ್ಲಿ ಅಪರೂಪ. ಹಾಗಾಗಿ ಆಯೋಗದ ಮೆಟ್ಟಿಲು ಹತ್ತುವ ಹೊತ್ತಿಗೆ ನಿಮ್ಮ ಕೈಯಲ್ಲಿ ಏನಿದೆ ಎಂಬುದರಲ್ಲೇ ಪ್ರಕರಣದ ಮುಕ್ಕಾಲು ಪಾಲು ಮುಗಿದಿರುತ್ತದೆ. ಬಿಲ್, ವಾರಂಟಿ ಕಾರ್ಡ್, ಹಣ ಪಾವತಿಸಿದ್ದಕ್ಕೆ ಬ್ಯಾಂಕ್ ಪಾಸ್‌ಬುಕ್ಕಿನ ಪುಟ ಇವು ಎಲ್ಲರ ಬಳಿಯೂ ಇರುತ್ತವೆ. ನಿಮ್ಮ ಪ್ರಕರಣದ ಜೀವ ಇರುವುದು ಐದು ರಿಪೇರಿಗಳ ಜಾಬ್ ಕಾರ್ಡುಗಳಲ್ಲಿ. ಪ್ರತಿ ಕಾರ್ಡನ್ನೂ ತೆಗೆದು, ಸರ್ವಿಸ್ ಎಂಜಿನಿಯರ್ ಏನು ಬರೆದಿದ್ದಾನೆ ಎಂದು ನಿಧಾನವಾಗಿ ಓದಿ. ಮೊದಲ ನಾಲ್ಕು ಕಾರ್ಡುಗಳಲ್ಲಿ ‘ಸೆನ್ಸರ್ ಬದಲಿಸಲಾಗಿದೆ’, ‘ಬೋರ್ಡ್ ಬದಲಿಸಲಾಗಿದೆ’ ಎಂದಿದ್ದು, ಐದನೆಯದರಲ್ಲಿ ಮೊದಲ ಬಾರಿಗೆ ‘ವೋಲ್ಟೇಜ್’ ಎಂಬ ಪದ ಬಂದಿದ್ದರೆ ನಿಮ್ಮ ಅರ್ಧ ವಾದವನ್ನು ಅವರೇ ಬರೆದುಕೊಟ್ಟಂತೆ. ನಾಲ್ಕು ಸಲ ಉಚಿತವಾಗಿ ರಿಪೇರಿ ಮಾಡಿದವರಿಗೆ ಆಗ ಕಾಣದ ವೋಲ್ಟೇಜ್ ಐದನೇ ಸಲ ಎಲ್ಲಿಂದ ಬಂತು? ನೀವು ಸ್ಟೆಬಿಲೈಸರ್ ಹಾಕಿಸಿದ್ದರೆ ಅದರ ಬಿಲ್ಲೂ ಬೇಕು. ಯಂತ್ರ ಅಳವಡಿಸಲು ಬಂದವನು ನಿಮ್ಮ ಮನೆಯ ವಿದ್ಯುತ್ ಸಂಪರ್ಕ ನೋಡಿ ‘ಸರಿಯಿದೆ’ ಎಂದು ಸಹಿ ಹಾಕಿದ ಹಾಳೆ ಇದ್ದರೆ ಅದು ಚಿನ್ನ.

ಜಾಬ್ ಕಾರ್ಡ್ ಕೊಟ್ಟೇ ಇಲ್ಲ ಎನ್ನುವಿರಾದರೆ ಫೋನಿನಲ್ಲಿರುವ ಎಸ್‌ಎಂಎಸ್, ವಾಟ್ಸ್‌ಆ್ಯಪ್ ಸಂದೇಶಗಳನ್ನು ತಾರೀಖು ಕಾಣುವಂತೆ ಮುದ್ರಿಸಿಕೊಳ್ಳಿ. ಇವತ್ತೇ. ಸಂದೇಶಗಳೆಲ್ಲ ಇದ್ದ ಫೋನು ಹೊಳೆಗೆ ಬಿತ್ತೆಂದು ಬರಿಗೈಯಲ್ಲಿ ಬಂದು ನಿಂತ ಒಬ್ಬರನ್ನು ನಾನು ಕಂಡಿದ್ದೇನೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಆಯೋಗ ನಂಬಲು ಏನಾದರೂ ಬೇಕಲ್ಲ?

ಯಂತ್ರದಲ್ಲಿ ತಯಾರಿಕೆಯ ದೋಷವಿದೆ ಎಂದು ಹೇಳುವವರು ನೀವು, ಹಾಗಾಗಿ ಅದನ್ನು ತೋರಿಸಬೇಕಾದವರೂ ನೀವೇ. ಕಂಪನಿಗೆ ಸಂಬಂಧವಿಲ್ಲದ, ಇಂಥ ಯಂತ್ರಗಳ ಕೆಲಸ ಬಲ್ಲ ತಂತ್ರಜ್ಞರಿಂದ ಪರೀಕ್ಷೆ ಮಾಡಿಸಿ, ಲಿಖಿತ ವರದಿ ಮತ್ತು ಅವರ ಅಫಿಡವಿಟ್ ಪಡೆದುಕೊಳ್ಳಿ. ಪರೀಕ್ಷೆಯಿಲ್ಲದೆ ದೋಷ ತಿಳಿಯದಂಥ ಸರಕನ್ನು ಪ್ರಯೋಗಾಲಯಕ್ಕೆ ಕಳುಹಿಸುವ ಅಧಿಕಾರ ಆಯೋಗಕ್ಕೂ ಇದೆ. ಅಲ್ಲಿಯವರೆಗೆ ಬೇರೆ ಮೆಕ್ಯಾನಿಕ್‌ನಿಂದ ಬಿಚ್ಚಿಸಬೇಡಿ. ಒಂದು ಸ್ಕ್ರೂ ಆಚೀಚೆಯಾದರೂ ‘ಹೊರಗಿನವರು ಕೈಹಾಕಿ ಹಾಳು ಮಾಡಿದರು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೆಲಸ ನಿಂತಿರುವಾಗ ಯಂತ್ರವನ್ನು ಮುಟ್ಟದೆ ಇಟ್ಟುಕೊಳ್ಳುವುದು ಎಷ್ಟು ಕಷ್ಟ ಎಂದು ಬಲ್ಲೆ. ಆದರೂ ತಡೆದುಕೊಳ್ಳಿ.

ದೂರಿಗೆ ಮೊದಲು ನೋಟಿಸ್ ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಆದರೂ ಒಂದು ಕೊಡಿ. ವಕೀಲರ ಲೆಟರ್‌ಹೆಡ್ ಬೇಕಿಲ್ಲ, ನಿಮ್ಮ ಕೈಬರಹವೇ ಸಾಕು. ಏನು ಕೊಂಡಿರಿ, ಏನು ಕೆಟ್ಟಿತು, ಏನು ಬೇಕು, ಹದಿನೈದು ದಿನದೊಳಗೆ ಉತ್ತರಿಸಿ ಎಂದು ಒಂದು ಪುಟದಲ್ಲಿ ಬರೆದು, ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಅಂಚೆಯಲ್ಲಿ ಕಳುಹಿಸಿ. ಡೀಲರ್‌ಗೆ ಒಂದು, ತಯಾರಕ ಕಂಪನಿಗೆ ಒಂದು. ಉತ್ತರ ಬಂದರೆ ಅವರ ವಾದವೇನೆಂದು ಮುಂಚೆಯೇ ತಿಳಿಯುತ್ತದೆ. ಬಾರದಿದ್ದರೆ ಆ ಮೌನವೂ ಕಡತ ಸೇರುತ್ತದೆ.

ದೂರಿನಲ್ಲಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರು ಬಿಟ್ಟವರತ್ತ ಬೆರಳು ತೋರಿಸಿ ಕೂರುತ್ತಾರೆ. ವಿಳಾಸ ಮಾತ್ರ ಕರಾರುವಾಕ್ಕಾಗಿರಲಿ, ಕಂಪನಿಯ ನೋಂದಾಯಿತ ಕಚೇರಿಯ ವಿಳಾಸವನ್ನೇ ಹಾಕಿ. ಎಷ್ಟೋ ಪ್ರಕರಣಗಳು ತಿಂಗಳುಗಟ್ಟಲೆ ನಿಲ್ಲುವುದು ‘ವಿಳಾಸದಾರರು ಇಲ್ಲ’ ಎಂದು ವಾಪಸು ಬಂದ ನೋಟಿಸಿನಿಂದ. ಕೇಳುವ ಪರಿಹಾರದಲ್ಲಿ ಹಿಡಿತವಿರಲಿ: ಯಂತ್ರ ವಾಪಸು ಪಡೆದು 2,60,000 ರೂಪಾಯಿಯನ್ನು ಬಡ್ಡಿಸಹಿತ ಹಿಂತಿರುಗಿಸಬೇಕು, ಇಲ್ಲವೇ ಹೊಸ ಯಂತ್ರ ಕೊಡಬೇಕು, ದುಡಿಮೆ ನಿಂತದ್ದಕ್ಕೂ ಮಾನಸಿಕ ಯಾತನೆಗೂ ಪರಿಹಾರ, ಪ್ರಕರಣದ ಖರ್ಚು. ಯಾತನೆಗೆ 25 ಲಕ್ಷ ಎಂದು ಬರೆದರೆ ಆಯೋಗ ಹೆಚ್ಚು ಕೊಡುವುದಿಲ್ಲ, ಉಳಿದ ಲೆಕ್ಕವನ್ನೂ ಅನುಮಾನದಿಂದ ನೋಡುತ್ತದೆ. ಬದಲಿಗೆ ನಿಮ್ಮ ಆರ್ಡರ್ ಪುಸ್ತಕ ಲಗತ್ತಿಸಿ. ಮದುವೆ ತಿಂಗಳಲ್ಲಿ ಎಷ್ಟು ರವಿಕೆ ಒಪ್ಪಿಕೊಂಡಿದ್ದಿರಿ, ಎಷ್ಟನ್ನು ಬೇರೆಯವರಿಗೆ ಕೊಟ್ಟು ಹೊಲಿಸಿದಿರಿ, ಯಾರ ಮುಂಗಡ ವಾಪಸು ಕೊಟ್ಟಿರಿ ಎಂದು ಅದು ಹೇಳುತ್ತದೆ.

ದೂರನ್ನು ಕನ್ನಡದಲ್ಲೇ ಬರೆಯಬಹುದು. ಹಾವೇರಿಗೆ ಹೋಗಿ ಕೊಡಬಹುದು, ಇಲ್ಲವೇ 2025ರ ಆರಂಭದಿಂದ ಬಂದಿರುವ ಇ-ಜಾಗೃತಿ ಪೋರ್ಟಲ್‌ನಲ್ಲಿ ಸಲ್ಲಿಸಬಹುದು. ವಕೀಲರು ಕಡ್ಡಾಯವಲ್ಲ, ನಿಮ್ಮ ಪ್ರಕರಣವನ್ನು ನೀವೇ ನಡೆಸಬಹುದು. ಆದರೆ ವಕೀಲರಿಗೆ ಹಣವಿಲ್ಲ ಎಂದಿರಲ್ಲ, ಅದಕ್ಕೊಂದು ದಾರಿ ಬಹಳ ಹೆಣ್ಣುಮಕ್ಕಳಿಗೆ ಗೊತ್ತೇ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ನಿಮ್ಮೂರಿನ ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ, ಅಥವಾ 15100ಕ್ಕೆ ಕರೆ ಮಾಡಿ.

ಸಲ್ಲಿಸಿದ ಮೇಲೆ ಏನಾಗುತ್ತದೆ? ದೂರನ್ನು ಅಂಗೀಕರಿಸಬೇಕೇ ಬೇಡವೇ ಎಂಬುದನ್ನು ಆಯೋಗ ಸಾಮಾನ್ಯವಾಗಿ 21 ದಿನದಲ್ಲಿ ತೀರ್ಮಾನಿಸಬೇಕು. ತಿರಸ್ಕರಿಸುವ ಮುನ್ನ ನಿಮ್ಮ ಮಾತು ಕೇಳಲೇಬೇಕು. ಅಂಗೀಕಾರವಾದರೆ ಎದುರುದಾರರಿಗೆ ನೋಟಿಸ್ ಹೋಗುತ್ತದೆ. ದೂರಿನ ಪ್ರತಿ ಕೈಸೇರಿದ 30 ದಿನದೊಳಗೆ ಅವರು ತಕರಾರು ಸಲ್ಲಿಸಬೇಕು, ಹೆಚ್ಚೆಂದರೆ ಇನ್ನೂ 15 ದಿನ ಸಿಗಬಹುದು. ಒಟ್ಟು 45. ಅದಾದ ಮೇಲೆ ಒಂದು ದಿನವನ್ನೂ ವಿಸ್ತರಿಸುವ ಅಧಿಕಾರ ಆಯೋಗಕ್ಕಿಲ್ಲ ಎಂದು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ನೋಟಿಸ್ ತಲುಪಿದ ತಾರೀಖನ್ನು ಬರೆದಿಟ್ಟುಕೊಳ್ಳಿ, ನೀವೇ ಎಣಿಸಿ. ನಲವತ್ತಾರನೇ ದಿನ ಅವರ ವಕೀಲರು ಕಾಲಾವಕಾಶ ಕೇಳಿದರೆ ಎದ್ದು ನಿಂತು ಹೇಳುವ ಹಕ್ಕು ನಿಮಗಿದೆ.

ಅದೇ ಹೊತ್ತಿಗೆ ಆಯೋಗ ನಿಮ್ಮಿಬ್ಬರನ್ನೂ ‘ರಾಜಿಗೆ ಒಪ್ಪುತ್ತೀರಾ’ ಎಂದು ಕೇಳಬಹುದು. ಇದು ಕಾಯ್ದೆಯಲ್ಲೇ ಇರುವ ಮಧ್ಯಸ್ಥಿಕೆ. ಇಬ್ಬರೂ ಲಿಖಿತವಾಗಿ ಒಪ್ಪಿದರೆ ಮಾತ್ರ ನಡೆಯುತ್ತದೆ, ಮುರಿದುಬಿದ್ದರೆ ಪ್ರಕರಣ ನಿಂತಲ್ಲಿಂದಲೇ ಮುಂದುವರಿಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಹೋಗಿ ನೋಡಿ. ಜಿಲ್ಲಾ ಮಟ್ಟದಲ್ಲಿ ಒಬ್ಬ ಗಿರಾಕಿಯ ಯಂತ್ರಕ್ಕಾಗಿ ಬೆಂಗಳೂರಿನಿಂದ ವಕೀಲರನ್ನು ಪದೇಪದೇ ಕಳುಹಿಸುವುದು ಕಂಪನಿಗೂ ಅಗ್ಗವಲ್ಲ. ಆದರೆ ‘ಇನ್ನೊಮ್ಮೆ ರಿಪೇರಿ ಮಾಡಿಕೊಡುತ್ತೇವೆ’ ಎಂಬ ರಾಜಿಗೆ ಸಹಿ ಹಾಕಬೇಡಿ. ಆರನೇ ರಿಪೇರಿಗಾಗಿ ನೀವು ಇಷ್ಟು ದೂರ ಬಂದದ್ದಲ್ಲ. ಹಣವೋ ಹೊಸ ಯಂತ್ರವೋ, ಯಾವ ತಾರೀಖಿನೊಳಗೆ ಎಂದು ಬರಹದಲ್ಲಿ ಇರಲಿ.

ರಾಜಿಯಾಗದಿದ್ದರೆ ಎರಡೂ ಕಡೆಯವರ ಅಫಿಡವಿಟ್, ವಾದ, ಆದೇಶ. ನೋಟಿಸ್ ತಲುಪಿದ ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ಅದನ್ನು ನಂಬಿ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಡಿ. ಅಧ್ಯಕ್ಷರ ಹುದ್ದೆಯೋ ಸದಸ್ಯರ ಹುದ್ದೆಯೋ ಖಾಲಿ ಬಿದ್ದರೆ ವಾಯಿದೆಯ ಮೇಲೆ ವಾಯಿದೆ. ವರ್ಷ, ಒಂದೂವರೆ ವರ್ಷ ಹಿಡಿಯುವುದು ಅಪರೂಪವಲ್ಲ. ವಾಯಿದೆಗಳಿಗೆ ತಪ್ಪದೆ ಹೋಗಿ. ನೀವು ಗೈರಾದರೆ ದೂರೇ ವಜಾ ಆಗಬಹುದು. ಹಾವೇರಿಗೆ ಓಡಾಟ ಕಷ್ಟವಾದರೆ ವಿಡಿಯೊ ಕಾನ್ಫರೆನ್ಸ್ ಮೂಲಕ ವಿಚಾರಣೆಗೆ ಅರ್ಜಿ ಕೊಡಬಹುದು.

ಗೆದ್ದಿರೆಂದುಕೊಳ್ಳೋಣ. ಎದುರುದಾರರು 45 ದಿನದೊಳಗೆ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಆದರೆ ಆದೇಶದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಸುಮ್ಮನೆ ಎಳೆದಾಡುವ ಚಾಳಿಯನ್ನು ಈ ಒಂದು ನಿಯಮ ಸಾಕಷ್ಟು ಕಡಿಮೆ ಮಾಡಿದೆ. ಮೇಲ್ಮನವಿಯೂ ಇಲ್ಲ, ಹಣವೂ ಇಲ್ಲ ಎಂದಾದರೆ ಅದೇ ಜಿಲ್ಲಾ ಆಯೋಗದಲ್ಲಿ ಅಮಲ್ಜಾರಿ ಅರ್ಜಿ, ಅಂದರೆ ಆದೇಶವನ್ನು ಜಾರಿ ಮಾಡಿಸಿ ಎಂಬ ಅರ್ಜಿ ಹಾಕಿ. ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆಯೇ ಆಸ್ತಿ ಜಪ್ತಿಯವರೆಗೂ ಹೋಗಬಹುದು. ಅದು ಸಾಲದೆಂದರೆ ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಅಥವಾ 25,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸುವ ಸೆಕ್ಷನ್ 72 ಇದೆ. ಆದೇಶದ ಪ್ರತಿ ಕೈಗೆ ಬಂದ ದಿನ ಎಲ್ಲ ಮುಗಿಯಿತೆಂದು ಮನೆಗೆ ಹೋಗಿ ಕೂರುವವರೇ ಹೆಚ್ಚು. ಅಮಲ್ಜಾರಿ ಅರ್ಜಿ ಹಾಕದೆ ಹಣ ಬಾರದ ಪ್ರಕರಣಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಒಂದೊಂದು ಕ್ಷೇತ್ರದ ದೂರುಗಳನ್ನು ವಿಚಾರಿಸುವ ಅಧಿಕಾರಿಯಾದ ಓಂಬುಡ್ಸ್‌ಮನ್ ಬಳಿಗೆ ಹೋಗಬೇಕಿತ್ತೇ ಎಂದು ಇಂಥ ಪ್ರಶ್ನೆ ಕಳುಹಿಸುವ ಹಲವರು ಕೇಳುತ್ತಾರೆ. ನಿಮ್ಮ ಯಂತ್ರಕ್ಕೆ ಅದು ಸಂಬಂಧವಿಲ್ಲ. ಬ್ಯಾಂಕಿನ ತಪ್ಪಿಗೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಇದ್ದಾರೆ, ಮೊದಲು ಬ್ಯಾಂಕಿಗೇ ದೂರಿ 30 ದಿನ ಕಾಯಬೇಕು. ವಿಮೆ ಕ್ಲೇಮ್ ತಿರಸ್ಕೃತವಾದರೆ ವಿಮಾ ಓಂಬುಡ್ಸ್‌ಮನ್, ಅವರ ಕಚೇರಿ ಬೆಂಗಳೂರಿನಲ್ಲಿದೆ. ವಿದ್ಯುತ್ ಬಿಲ್ಲಿಗೆ ವಿದ್ಯುತ್ ಕಂಪನಿಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ. ಮನೆ ಕಟ್ಟುವವರು ಕೈಕೊಟ್ಟರೆ ರೇರಾವೋ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಗ್ರಾಹಕರ ಆಯೋಗವೋ, ಆಯ್ಕೆ ನಿಮ್ಮದು. ಒಂದೇ ವಿಷಯವನ್ನು ಎರಡು ಕಡೆ ಏಕಕಾಲಕ್ಕೆ ಹಾಕಬೇಡಿ; ಆಯೋಗದಲ್ಲಿ ಬಾಕಿ ಇರುವುದನ್ನು ವಿಮಾ ಓಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದೇ ಇಲ್ಲ.

ಕೊನೆಗೊಂದು ಮಾತು, ನೀವು ಕೇಳದಿದ್ದರೂ. ಯಂತ್ರ ನಿಂತಿದೆಯೆಂದು ಬ್ಯಾಂಕಿನ ಕಂತು ನಿಲ್ಲಿಸಬೇಡಿ. ಡೀಲರ್ ಜೊತೆಗಿನ ಜಗಳಕ್ಕೂ ಸಾಲಕ್ಕೂ ಸಂಬಂಧವಿಲ್ಲ, ಆಯೋಗದ ದೂರು ಕಂತನ್ನು ತಡೆಯುವುದಿಲ್ಲ. ಪ್ರತಿ ತಿಂಗಳು ಕಟ್ಟಿದ ಬಡ್ಡಿಯ ವಿವರವಿರುವ ಸಾಲದ ಖಾತೆಯ ಪ್ರತಿಯನ್ನು ಬ್ಯಾಂಕಿನಿಂದ ಪಡೆದು ದೂರಿಗೆ ಲಗತ್ತಿಸಿ. ಕೆಲಸ ಮಾಡದ ಯಂತ್ರಕ್ಕೆ ನೀವು ತೆತ್ತ ಬಡ್ಡಿ ಎಷ್ಟು ಎಂಬುದನ್ನು ಆಯೋಗಕ್ಕೆ ಲೆಕ್ಕ ಹಾಕಿ ಹೇಳುವ ಕಾಗದ ಅದೊಂದೇ.